ಕಪ್‌ನ ಜೆರ್ಸಿ ಕೈಯಲ್ಲೇ ಒಗೆಯಬೇಕು

ಈ ಕಥೆ ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ ಎಂಬ ಅಳುಕಿನಲ್ಲೇ ಶುರು ಮಾಡುತ್ತಿದ್ದೇನೆ. ನಾನು ಫುಟ್‌ಬಾಲ್ ಆಡಿದವನಲ್ಲ, ಬಟ್ಟೆ ಒಗೆಯುವ ಕಸುಬೂ ನನ್ನದಲ್ಲ. ಆ ಮನೆಯವರೇ ಹೇಳಿದ್ದರೆ ಇದಕ್ಕಿಂತ ಚೆನ್ನಾಗಿ ಹೇಳುತ್ತಿದ್ದರು. ಆದರೆ ಅವರು ಹೇಳುವ ಪೈಕಿ ಅಲ್ಲ. ಎಲ್ಲಾದರೂ ತಪ್ಪಿದ್ದರೆ ಓದುವವರು ದೊಡ್ಡ ಮನಸ್ಸು ಮಾಡಬೇಕು.

ಆ ಮನೆಯ ಮುಂಭಾಗವೇ ಲಾಂಡ್ರಿ. ಬೀದಿಗೆ ತೆರೆದುಕೊಂಡ ಕೋಣೆಯಲ್ಲಿ ಇಸ್ತ್ರಿ ಮೇಜು, ಅದರ ಹಿಂದೆ ಬಟ್ಟೆ ಒಗೆಯುವ ಎರಡು ಮಷೀನು, ಒಳಗೆ ಅಡುಗೆಮನೆ, ಹಿತ್ತಲಲ್ಲಿ ಕಲ್ಲಿನ ತೊಟ್ಟಿ ಮತ್ತು ಬಟ್ಟೆ ಹರವುವ ತಂತಿಗಳು. ಮಲಗುವುದು ಮಹಡಿಯ ಮೇಲೆ. ಇಸ್ತ್ರಿ ಮೇಜಿನ ಮೇಲುಗಡೆ ಗೋಡೆಯಲ್ಲಿ ಒಂದು ಮೊಳೆ, ಆ ಮೊಳೆಗೆ ಒಂದು ಪದಕ. ಅಪ್ಪ ಪ್ರಾಯದಲ್ಲಿ ಊರಿನ ಕ್ಲಬ್‌ಗೆ ಆಡಿ ಗೆದ್ದ ಕಪ್‌ನ ಪದಕ ಅದು.

ಆ ಕಪ್ ಎಂದರೆ ಸೋತವರು ಅಲ್ಲಿಂದಲೇ ಮನೆಗೆ ನಡೆಯಬೇಕಾದ ಪಂದ್ಯಾವಳಿ. ದೊಡ್ಡ ಕ್ಲಬ್ಬು, ಸಣ್ಣ ಕ್ಲಬ್ಬು, ಕಾರ್ಖಾನೆಯ ತಂಡ, ಅಂಚೆಯವರ ತಂಡ ಯಾರಿಗೆ ಯಾರು ಎದುರೆಂದು ಎತ್ತುವ ಎಲ್ಲರ ಚೀಟಿಯೂ ಒಂದೇ ಡಬ್ಬಿಯೊಳಗೆ. ಒಂದು ಕಾಲದಲ್ಲಿ ಫೈನಲ್ ದಿನ ಬೀದಿಯಲ್ಲಿ ನಾಯಿ ಕೂಡ ಕಾಣಿಸುತ್ತಿರಲಿಲ್ಲವಂತೆ. ಅಪ್ಪ ಹುಬ್ಬು ಒಡೆದುಕೊಂಡು, ತೋಳಿನಿಂದ ರಕ್ತ ಒರೆಸಿಕೊಳ್ಳುತ್ತಲೇ ಆಡಿ ಮುಗಿಸಿದ ಫೈನಲ್ಲಿನ ಕಥೆಯನ್ನು ಎದುರುಗಡೆಯ ಕಟಿಂಗ್ ಅಂಗಡಿಯಲ್ಲಿ ಈಗಲೂ ಹೇಳುವವರಿದ್ದಾರೆ. ಹೇಳುವವರು ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ, ಅಷ್ಟೇ. ಈಗ ಎಲ್ಲರ ಕಣ್ಣು ವಾರವಾರ ನಡೆಯುವ ಲೀಗ್ ಮೇಲೆ. ಟೀವಿಯವರು ಬರುವುದು ಲೀಗ್‌ಗೆ, ಜಾಹೀರಾತು ಬರುವುದೂ ಅದಕ್ಕೇ. ಕಪ್ ಮಾತ್ರ ವಾರದ ನಡುವೆ, ಜನ ಕೆಲಸದಿಂದ ಸುಸ್ತಾಗಿ ಮನೆಗೆ ಹೋಗುವ ಹೊತ್ತಿಗೆ, ಹೇಗೋ ನಡೆದು ಹೇಗೋ ಮುಗಿಯುತ್ತದೆ.

ಅಪ್ಪ ಇದನ್ನು ಒಪ್ಪುವವರಲ್ಲ. "ಲೀಗ್ ಅಂದ್ರೆ ಸಂಬಳ, ಕಪ್ ಅಂದ್ರೆ ಮರ್ಯಾದೆ," ಎನ್ನುತ್ತಾರೆ. ಅವರು ಕಪ್ ಗೆದ್ದುಕೊಟ್ಟ ಮರ್ಯಾದೆಗೇ ಕ್ಲಬ್‌ನವರು ತಮ್ಮ ಬಟ್ಟೆ ಒಗೆಯುವ ಕೆಲಸವನ್ನು ಈ ಲಾಂಡ್ರಿಗೆ ಕೊಟ್ಟಿದ್ದು. ಹಾಗಾಗಿ ಮನೆಯಲ್ಲಿ ಒಂದು ಕಟ್ಟಳೆ. ತೋಳಿಗೆ ಲೀಗ್‌ನ ಗುರುತಿನ ದುಂಡನೆಯ ಪಟ್ಟಿ ಹೊಲಿದ ಜೆರ್ಸಿಗಳು ಮಷೀನಿಗೆ ಹೋಗಬಹುದು. ಪಟ್ಟಿಯಿಲ್ಲದ ಕಪ್‌ನ ಜೆರ್ಸಿಗಳನ್ನು ಮಾತ್ರ ಕೈಯಲ್ಲೇ ಒಗೆಯಬೇಕು, ಅದೂ ಅಪ್ಪನ ಕೈಯಲ್ಲಿ. ಮಂಡಿ ಬಗ್ಗದಿದ್ದರೂ ತೊಟ್ಟಿಯ ಪಕ್ಕ ಸ್ಟೂಲು ಹಾಕಿಕೊಂಡು, ಕಾಲು ಉದ್ದಕ್ಕೆ ಚಾಚಿ, ಒಂದೊಂದನ್ನೇ ಬ್ರಷ್ ಹಾಕಿ ಉಜ್ಜುತ್ತಾರೆ.

ಮಿಕ್ಕ ಕೆಲಸವೆಲ್ಲ ದೊಡ್ಡವನದು. ಅಪ್ಪನ ಮಂಡಿ ಕೈಕೊಟ್ಟ ವರ್ಷ ಅವನು ಶಾಲೆ ಬಿಟ್ಟು ಇಸ್ತ್ರಿ ಮೇಜಿನ ಹಿಂದೆ ನಿಂತವನು, ಈಗ ತಲೆಯಲ್ಲಿ ಬಿಳಿ ಕೂದಲು ಬಂದರೂ ಅಲ್ಲೇ ನಿಂತಿದ್ದಾನೆ. ಅವನಿಗೆ ಚೆಂಡು ಒದೆಯುವ ಕಾಲಿಲ್ಲ ಎಂದು ಅಪ್ಪ ಎಂದೋ ತೀರ್ಮಾನ ಮಾಡಿದ್ದರು. ಇಸ್ತ್ರಿಯ ಹಬೆಗೆ ಪದಕ ಮಂಜಾಗುತ್ತದೆಂದು ದಿನಾ ಬೆಳಿಗ್ಗೆ ಬಟ್ಟೆಯ ತುದಿಯಿಂದ ಅದನ್ನು ಒರೆಸುತ್ತಿದ್ದವನು ಅವನೇ. ಯಾರೂ ಹೇಳಿದ್ದಲ್ಲ. ಅಂಗಡಿ ತನಗೆ ಬಂದ ಹಾಗೆ ಒಂದು ದಿನ ಅದೂ ತನಗೇ ಬರುತ್ತದೆ ಎಂದುಕೊಂಡಿದ್ದ.

ಅವನಿಗಿಂತ ತುಂಬ ತಡವಾಗಿ ಹುಟ್ಟಿದ ತಮ್ಮ, ಮನೆಯವರ ಬಾಯಲ್ಲಿ ಚಿಕ್ಕವನು, ಅದೇ ಕ್ಲಬ್‌ನಲ್ಲಿ ಆಟಗಾರ. ಜೆರ್ಸಿಯ ನಂಬರ್ ಇಪ್ಪತ್ತೇಳು.

ಒಂದು ಸಂಜೆ ಊಟಕ್ಕೆ ಕೂತಾಗ ಚಿಕ್ಕವನು ತಟ್ಟೆ ನೋಡಿಕೊಂಡೇ ಹೇಳಿದ.

"ಅಪ್ಪಾ, ಬುಧವಾರ ಕಪ್ ಮ್ಯಾಚ್ ಇದೆ. ನನ್ನನ್ನ ಮೊದಲಿಂದಲೇ ಇಳಿಸ್ತಾರಂತೆ."

ಅಪ್ಪನ ಕೈಯಲ್ಲಿದ್ದ ಬ್ರೆಡ್ಡು ಜಾರಿ ಸೂಪಿಗೆ ಬಿತ್ತು.

"ಕಪ್‌ಗಾ?"

"ಹೂಂ."

"ಕೇಳಿದ್ಯೇನೇ? ಇವನನ್ನ ಕಪ್‌ಗೆ ಹಾಕಿದಾರೆ. ಲೀಗ್‌ನಲ್ಲಿ ಯಾರು ಬೇಕಾದ್ರೂ ಆಡಬಹುದು. ಕಪ್‌ಗೆ ಸುಮ್‌ಸುಮ್ನೆ ಹಾಕಲ್ಲ."

"ಕೇಳಿಸ್ತು. ಬ್ರೆಡ್ಡು ಮುಳುಗ್ತಾ ಇದೆ, ಮೊದಲು ಅದನ್ನ ಎತ್ತಿ," ಅಂದಳು ಅಮ್ಮ.

"ಇವನಿಗೆ ಇನ್ನೊಂದು ಮೊಟ್ಟೆ ಹಾಕು."

"ಇನ್ನು ಇರೋದು ದೊಡ್ಡವನ ಪಾಲಿಂದು."

"ಅವನೇನು ಓಡಬೇಕಾ? ನಿಂತಲ್ಲೇ ಇಸ್ತ್ರಿ ತಾನೇ."

ಮೊಟ್ಟೆ ಮೇಜಿನ ಈ ಕಡೆಯಿಂದ ಆ ಕಡೆಗೆ ಹೋಯಿತು. ದೊಡ್ಡವನು ಅದು ಹೋಗುವುದನ್ನೇ ನೋಡುತ್ತಿದ್ದ. ಅಪ್ಪ ಅಷ್ಟಕ್ಕೇ ನಿಲ್ಲಿಸಲಿಲ್ಲ. "ಕ್ವಾರ್ಟರ್ ಫೈನಲ್ ಒಂದು ದಾಟಿಬಿಡು ಮಗಾ, ಆ ಪದಕ ನಿನ್ನದು," ಅಂದರು.

"ಬೇಡ ಅಪ್ಪಾ, ಅದೆಲ್ಲ ಯಾಕೀಗ," ಅಂದ ಚಿಕ್ಕವನು. ಅವನ ಕಿವಿ ಕೆಂಪಾಗಿತ್ತು. ನಾಚಿಕೆ ಎಂದು ಅಪ್ಪ ತಿಳಿದರು. ಅದು ಯಾವ ನಾಚಿಕೆ ಎಂದು ದೊಡ್ಡವನಿಗೆ ಗೊತ್ತಿತ್ತು.

ತಟ್ಟೆ ತೊಳೆಯುವಾಗ ಅವನ ಹೆಂಡತಿ ಮೆಲ್ಲಗೆ ಕೇಳಿದಳು. "ರೀ, ನಿಮ್ಮ ತಮ್ಮನ್ನ ಯಾಕೆ ಕಪ್‌ಗೆ ಹಾಕಿದಾರೆ ಅಂತ ನಿಮಗೆ ಗೊತ್ತಲ್ವಾ?"

"ಬೀದಿಗೆಲ್ಲ ಗೊತ್ತು. ಶನಿವಾರ ಲೀಗ್ ಇರತ್ತೆ, ಒಳ್ಳೆ ಆಟಗಾರರು ದಣೀಬಾರದು ಅಂತ ಬುಧವಾರದ ಕಪ್‌ಗೆ, ಲೀಗ್‌ನಲ್ಲಿ ಆಡಿಸದೆ ಬೆಂಚಲ್ಲಿ ಕೂರಿಸೋರನ್ನ ಇಳಿಸ್ತಾರೆ. ಹೊಸ ಕೋಚ್ ಬಂದ್ಮೇಲೆ ಹೀಗೇ."

"ಮತ್ತೆ ಮಾವನಿಗೆ ಹೇಳೋದಲ್ವಾ?"

"ಹೇಳಿದ್ರೆ ಹೊಟ್ಟೆಕಿಚ್ಚು ಅಂತಾರೆ."

"ಅಲ್ವಾ?"

ಅವನು ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದ.

ಚಿಕ್ಕವನ ಲೀಗ್ ಜೆರ್ಸಿಯ ಸಂಗತಿ ಆ ಮನೆಯಲ್ಲಿ ದೊಡ್ಡವನಿಗೊಬ್ಬನಿಗೇ ಗೊತ್ತು. ತೋಳುಗಳನ್ನು ಹಿಂದಕ್ಕೆ ಮಡಚಿ, ನಂಬರು ಮೇಲೆ ಕಾಣುವಂತೆ ಅವನು ಜೆರ್ಸಿ ಮಡಚುವ ಬಗೆ ಬೇರೆ ಯಾರಿಗೂ ಬರುವುದಿಲ್ಲ. ಸೋಮವಾರ ಲೀಗ್‌ನ ಗಂಟು ಬಿಚ್ಚಿದರೆ ಮಿಕ್ಕವೆಲ್ಲ ಬೆವರು ನಾರುತ್ತಾ ಮುದ್ದೆಯಾಗಿರುತ್ತಿದ್ದವು. ಇಪ್ಪತ್ತೇಳು ಮಾತ್ರ ಅವನು ಹಾಕಿದ ಮಡಿಕೆ ಹಾಗೇ ಇಟ್ಟುಕೊಂಡು ವಾಪಸ್ ಬರುತ್ತಿತ್ತು. ಅವನು ಅದನ್ನು ಬಿಡಿಸಿ ಮಿಕ್ಕವುಗಳ ಜೊತೆ ಮಷೀನಿಗೆ ತುರುಕುತ್ತಿದ್ದ. ಅಪ್ಪ ಲೀಗ್ ಬಟ್ಟೆ ಮುಟ್ಟುವುದಿಲ್ಲ, ಲೀಗ್ ನೋಡುವುದೂ ಇಲ್ಲ. ಬೀದಿಯವರು ಅವರ ಮೇಲಿನ ಗೌರವಕ್ಕೆ ಬಾಯಿ ಮುಚ್ಚಿಕೊಂಡಿದ್ದರು.

ಆ ಬುಧವಾರ ಕ್ಲಬ್ ಗೆದ್ದಿತು. ಗುರುವಾರ ಕಪ್‌ನ ಗಂಟು ಬಂತು. ಅಪ್ಪ ತೊಟ್ಟಿಯ ಪಕ್ಕ ಕೂತು ಇಪ್ಪತ್ತೇಳನ್ನು ಎತ್ತಿ ಹಿಡಿದರು.

"ನೋಡೋ, ಮೊಣಕೈ ಹತ್ರ ಮಣ್ಣು. ಬಿದ್ದು ಎದ್ದಿದಾನೆ ಹುಡುಗ."

"ಹೂಂ," ಅಂದ ದೊಡ್ಡವನು, ಒದ್ದೆ ಬಟ್ಟೆ ತಂತಿಗೆ ಹಾಕುತ್ತಾ.

"ನಾನೂ ಹಾಗೇ. ಮಣ್ಣಾಗದೆ ಒಂದು ಮ್ಯಾಚೂ ಮುಗಿಸಿಲ್ಲ."

ದೊಡ್ಡವನು ತನ್ನ ಅಂಗಿಯ ತೋಳು ನೋಡಿಕೊಂಡ. ಲಾಂಡ್ರಿಯವನ ಅಂಗಿ, ಕೊಳೆ ಎಲ್ಲಿಂದ ಬರಬೇಕು.

ಆ ಸಂಜೆ ಚಿಕ್ಕವನು ಮಷೀನಿನ ಪಕ್ಕ ಬಂದು ನಿಂತ. ಮಷೀನಿನ ಸದ್ದಿನಲ್ಲಿ ಮಾತು ಆಚೆ ಕೇಳುವುದಿಲ್ಲ.

"ಅಣ್ಣಾ, ಲೀಗ್ ಜೆರ್ಸಿ ಅಪ್ಪನ ಕಣ್ಣಿಗೆ ಬೀಳದ ಹಾಗೆ ನೋಡ್ಕೋತೀಯಾ?"

"ಯಾಕೆ?"

"ಯಾಕೆ ಅಂತ ನಿನಗೆ ಗೊತ್ತು. ಮಡಚೋನು ನೀನೇ."

"ನೀನೇ ಹೇಳಿಬಿಡು ಅಪ್ಪನಿಗೆ."

"ಹೇಗೆ ಹೇಳ್ಲಿ? ಎಷ್ಟೋ ದಿನ ಆದ್ಮೇಲೆ ಇವತ್ತು ಬೆಳಿಗ್ಗೆ ನನ್ನ ಪಕ್ಕ ಕೂತು ಟೀ ಕುಡಿದ್ರು. ತಮ್ಮ ಲೋಟದಿಂದ ನನಗೂ ಬಗ್ಗಿಸಿ ಕೊಟ್ರು."

ನನಗೆ ಯಾವತ್ತು ಕೊಟ್ಟಿದಾರೆ ಎಂದು ಕೇಳಬೇಕೆನ್ನಿಸಿತು ದೊಡ್ಡವನಿಗೆ. "ನೋಡೋಣ," ಅಂದ.

ಎರಡನೇ ಸುತ್ತನ್ನೂ ಕ್ಲಬ್ ಪೆನಾಲ್ಟಿಯಲ್ಲಿ ದಾಟಿತು. ಆಮೇಲೆ ಮನೆ ಚಿಕ್ಕವನ ಸುತ್ತಲೇ ತಿರುಗತೊಡಗಿತು. ಅವನ ಬೂಟಿಗೆ ಅಪ್ಪನೇ ಪಾಲಿಶ್ ಹಾಕಿದರು. ಅವನ ಕಾಲಿಗೆಂದು ಅಮ್ಮ ಎರಡೆರಡು ಹೊತ್ತು ಬಿಸಿನೀರು ಕಾಯಿಸಿದಳು. ಮಾಂಸದ ದೊಡ್ಡ ತುಂಡು ಪಾತ್ರೆಯಲ್ಲಿ ಎಲ್ಲೇ ಅಡಗಿದ್ದರೂ ಸೌಟು ಅದನ್ನು ಹುಡುಕಿ ತಂದು ಅವನ ತಟ್ಟೆಗೇ ಹಾಕುತ್ತಿತ್ತು. ದೊಡ್ಡವನ ಹೆಂಡತಿಯೂ ಒಂದು ದಿನ, "ನಿಮ್ಮ ತಮ್ಮ ನಕ್ಕರೆ ಮಾವನ ಹಾಗೇ ಕಾಣ್ತಾರೆ ಅಲ್ವಾ," ಅಂದುಬಿಟ್ಟಳು. ಆ ಇಡೀ ದಿನ ಅವನು ಅವಳ ಜೊತೆ ಮಾತಾಡಲಿಲ್ಲ.

ಅದೇ ವಾರ ಕೋಟು ಕೊಡಲು ಬಂದ ಹೊಸ ಗಿರಾಕಿಯೊಬ್ಬರು ಗೋಡೆಯ ಪದಕ ನೋಡಿ ವಿಚಾರಿಸಿದರು. ಅಪ್ಪನಿಗೆ ಅಷ್ಟೇ ಬೇಕಿತ್ತು. ಹುಬ್ಬು ಒಡೆದ ಫೈನಲ್ಲಿನಿಂದ ಶುರುಮಾಡಿ, "ಈಗ ನನ್ನ ಮಗನೂ ಕಪ್ ಆಡ್ತಿದಾನೆ," ಎಂದು ಮುಗಿಸಿದರು.

ಗಿರಾಕಿ ದೊಡ್ಡವನ ಕಡೆ ತಿರುಗಿ ನಕ್ಕರು. "ಓ, ನೀವಾ?"

"ಅಯ್ಯೋ ಇವನಲ್ಲ," ಅಂದರು ಅಪ್ಪ. "ಇವನು ಅಂಗಡಿ."

ಅಂಗಡಿ ನೋಡ್ಕೋತಾನೆ ಎಂದಿದ್ದರೂ ಆಗುತ್ತಿತ್ತು. ದೊಡ್ಡವನು ಗಿರಾಕಿಯ ಕೋಟಿಗೆ ಗುರುತಿನ ಚೀಟಿ ಪಿನ್ನು ಮಾಡಿದ. ಪಿನ್ನು ಬೆರಳಿಗೆ ಚುಚ್ಚಿತು.

ಮುಂದಿನ ವಾರ ಕ್ಲಬ್‌ನ ಗಾಡಿ ಕೆಟ್ಟು ಲೀಗ್‌ನ ಗಂಟು, ಕಪ್‌ನ ಗಂಟು ಎರಡೂ ಒಂದೇ ದಿನ ಬಂದವು. ಲೀಗ್ ಗಂಟಿನಲ್ಲಿ ಇಪ್ಪತ್ತೇಳು ಎಂದಿನಂತೆ ಮಡಿಕೆ ಕದಲದೆ ಕೂತಿತ್ತು. ದೊಡ್ಡವನು ಅದನ್ನು ಕೈಯಲ್ಲಿ ಹಿಡಿದು ಒಂದು ಗಳಿಗೆ ನಿಂತ. ಆಮೇಲೆ ಹಿತ್ತಲಿಗೆ ಹೋಗಿ ಅಪ್ಪ ಒಗೆಯಬೇಕಾದ ಕಪ್ ಜೆರ್ಸಿಗಳ ರಾಶಿಯ ಮೇಲೆ ಅದನ್ನು ಇಟ್ಟ. ಮಡಿಕೆ ಕಾಣುವ ಹಾಗೆ, ತೋಳಿನ ದುಂಡು ಪಟ್ಟಿ ಕಾಣುವ ಹಾಗೆ ಇಟ್ಟ. ಬಾಯಿ ಬಿಟ್ಟು ಏನೂ ಹೇಳಲಿಲ್ಲವಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಅಪ್ಪ ಬಂದು ಸ್ಟೂಲಿನ ಮೇಲೆ ಕೂತರು. ಮೇಲಿದ್ದ ಜೆರ್ಸಿ ತೆಗೆದುಕೊಂಡು ಬಿಡಿಸಿ ಬೆಳಕಿಗೆ ಹಿಡಿದರು. ಅವರ ಕಣ್ಣು ಈಚೆಗೆ ಅಷ್ಟು ಚುರುಕಿಲ್ಲ, ಆದರೂ ಅಷ್ಟೊಂದು ಮಬ್ಬೂ ಅಲ್ಲ. ದೊಡ್ಡವನು ಕ್ಲಿಪ್ಪು ಬಾಯಲ್ಲಿ ಕಚ್ಚಿಕೊಂಡು ತಂತಿಯ ಹತ್ತಿರ ಕಾದ. ಅಪ್ಪ ಜೆರ್ಸಿಯನ್ನು ಸೋಪಿನ ನೀರಿಗೆ ಅದ್ದಿದರು. ಬ್ರಷ್ ತೆಗೆದುಕೊಂಡು ಕತ್ತಿನ ಪಟ್ಟಿ ಉಜ್ಜಿದರು, ಮೊಣಕೈ ಉಜ್ಜಿದರು, ಬೆನ್ನಿನ ನಂಬರು ಉಜ್ಜಿದರು. ಬೇರೆ ಯಾವ ಜೆರ್ಸಿಯನ್ನೂ ಅವರು ಅಷ್ಟು ಹೊತ್ತು ಉಜ್ಜಿರಲಿಲ್ಲ. ಹಿಂಡಿ ಮಗನ ಕೈಗೆ ಕೊಡುತ್ತಾ, "ತುಂಬಾ ಕೊಳೆ ಆಗಿತ್ತು ಇದು," ಅಂದರು.

ದೊಡ್ಡವನಿಗೆ ಮೈಯೆಲ್ಲ ಉರಿದುಹೋಯಿತು. ಮೈಗೇ ಹಾಕದ ಜೆರ್ಸಿಯಲ್ಲೂ ಇವರಿಗೆ ಚಿಕ್ಕವನ ಬೆವರು ಕಾಣುತ್ತದೆ.

ಆ ಉರಿ ಭಾನುವಾರ ಮಧ್ಯಾಹ್ನದ ಊಟದ ಹೊತ್ತಿಗೆ ಹೊರಗೆ ಬಂತು. ಬುಧವಾರ ಕ್ವಾರ್ಟರ್ ಫೈನಲ್. ಅಂಗಡಿ ಮುಚ್ಚಿ ಎಲ್ಲರೂ ಮೈದಾನಕ್ಕೆ ಹೋಗೋಣ ಎಂದರು ಅಪ್ಪ.

"ಬುಧವಾರ ಆಸ್ಪತ್ರೆ ಚಾದರ ಬರ್ತವೆ. ಮುಚ್ಚೋಕಾಗಲ್ಲ," ಅಂದ ದೊಡ್ಡವನು.

"ನಮ್ಮ ಕಾಲದಲ್ಲಿ ಕಪ್ ದಿನ ಇಡೀ ಬೀದಿ ಮುಚ್ತಿತ್ತು."

"ಈಗ ಯಾರೂ ಮುಚ್ಚಲ್ಲ ಅಪ್ಪಾ. ಕಪ್‌ಗೆ ಈಗ ಆಡಿಸೋದೇ ಉಳಿದವರನ್ನ."

ಅಮ್ಮನ ಸೌಟು ಪಾತ್ರೆಯಲ್ಲೇ ನಿಂತಿತು.

"ಏನಂದೆ?"

"ಅವನನ್ನೇ ಕೇಳಿ. ಲೀಗ್‌ನಲ್ಲಿ ಅವನ ಜೆರ್ಸಿ ಹೇಗೆ ಹೋಗತ್ತೋ ಹಾಗೇ ಬರತ್ತೆ. ನಾನು ಹಾಕಿದ ಮಡಿಕೆ ಕೂಡ ಬಿಚ್ಚಿರಲ್ಲ. ಬೇರೆಯವರು ದಣೀಬಾರದು ಅಂತ ಅವನನ್ನ ಕಪ್‌ಗೆ ಇಳಿಸ್ತಾರೆ."

"ಅಣ್ಣಾ," ಅಂದ ಚಿಕ್ಕವನು. ಮತ್ತೆ ಅಪ್ಪನ ಕಡೆ ನೋಡಿ, "ನಿಜ ಅಪ್ಪಾ," ಅಂದ.

"ಬೇರೆ ಕ್ಲಬ್‌ನವರು ಮಾಡ್ತಾರೇನೋ. ನಮ್ಮವರು ಮಾಡಲ್ಲ."

"ನಮ್ಮವರೇ ಮಾಡ್ತಿರೋದು."

"ಒಂದು ಮೊಟ್ಟೆಗೆ ಇಷ್ಟು ಹೊಟ್ಟೆಕಿಚ್ಚೇನೋ ನಿನಗೆ?" ಅಂದಳು ಅಮ್ಮ. "ಇಷ್ಟು ಕಿಚ್ಚಿದ್ರೆ ಇಸ್ತ್ರಿಪೆಟ್ಟಿಗೆಗೆ ಕರೆಂಟೇ ಬೇಡ."

"ಮೊಟ್ಟೆ ವಿಷಯ ಅಲ್ಲಮ್ಮ."

"ಮೊಟ್ಟೆ ಅಲ್ಲ, ಪದಕ," ಅಂದರು ಅಪ್ಪ. "ನಿನಗೆ ಆ ಪದಕ ಬೇಕು. ಅಷ್ಟೇ ತಾನೇ?"

"ದಿನಾ ಒರೆಸಿದ್ದು ನಾನು."

"ಒರೆಸೋದು ಬೇರೆ, ಗೆಲ್ಲೋದು ಬೇರೆ."

ಅಪ್ಪ ಕೈ ತೊಳೆಯದೆ ಎದ್ದರು. ಕುಂಟುತ್ತಾ ಮುಂದಿನ ಕೋಣೆಗೆ ಹೋಗಿ ಮೊಳೆಯಿಂದ ಪದಕ ತೆಗೆದು ಜೇಬಿಗೆ ಹಾಕಿಕೊಂಡರು. ಗೋಡೆಯಲ್ಲಿ ಅದಿದ್ದ ಜಾಗ ಮಾತ್ರ ಬೆಳ್ಳಗೆ, ದುಂಡಗೆ ಉಳಿಯಿತು. ಮೇಜಿನಲ್ಲಿ ಯಾರೂ ಮತ್ತೆ ಬಡಿಸಿಕೊಳ್ಳಲಿಲ್ಲ. ಅಂದು ಎಲ್ಲರ ಪಾಲಿಗೂ ಮಾಂಸ ಉಳಿದಿತ್ತು.

ಬುಧವಾರ ಅಪ್ಪ ಕಟಿಂಗ್ ಅಂಗಡಿಯವನ ಸ್ಕೂಟರಿನ ಹಿಂದೆ ಕೂತು ಮೈದಾನಕ್ಕೆ ಹೋದರು. ಮನೆಯಲ್ಲಿ ಯಾರೂ ಯಾರ ಜೊತೆಗೂ ಸರಿಯಾಗಿ ಮಾತಾಡುತ್ತಿರಲಿಲ್ಲ. ಸಂಜೆ ದೊಡ್ಡವನ ಹೆಂಡತಿ ಒಣಗಿದ ಬಟ್ಟೆ ತೆಗೆಯುತ್ತಾ, "ರೀ, ಗೋಲ್‌ಕೀಪರ್ ಸಾಕ್ಸು ಇಲ್ಲೇ ಉಳಿದಿದೆ. ಪಾಪ, ಯಾವುದು ಹಾಕ್ಕೊಂಡು ಆಡ್ತಾನೋ," ಅಂದಳು. ಬೇರೆ ಸಾಕ್ಸು ಅವರ ಹತ್ತಿರ ಇದ್ದೇ ಇರುತ್ತದೆ ಎಂದು ದೊಡ್ಡವನಿಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಅವನು ಸಾಕ್ಸು ಕಾಗದದಲ್ಲಿ ಸುತ್ತಿಕೊಂಡು ಸೈಕಲ್ ಹತ್ತಿದ.

ಮೈದಾನದ ಗೇಟಿನಲ್ಲಿ ಟಿಕೆಟ್ ಕೇಳುವವರೂ ಇರಲಿಲ್ಲ. ಒಳಗೆ ಸಾಲು ಸಾಲು ಖಾಲಿ ಕುರ್ಚಿಗಳು. ಅಲ್ಲೊಬ್ಬ ಇಲ್ಲೊಬ್ಬ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ನಟ್ಟನಡುವಿನ ಸಾಲಿನಲ್ಲಿ ಅಪ್ಪ, ಪಕ್ಕದಲ್ಲಿ ಕಟಿಂಗ್ ಅಂಗಡಿಯವನು. ಅಪ್ಪನ ಒಂದು ಕೈ ಜೇಬಿನ ಮೇಲಿತ್ತು. ದೊಡ್ಡವನು ಅವರ ಕಣ್ಣಿಗೆ ಬೀಳದ ಹಾಗೆ ಕಂಬದ ಹಿಂದೆ ನಿಂತ.

ಚಿಕ್ಕವನು ಪೂರ್ತಿ ಒಂದು ಪಂದ್ಯ ಆಡುವುದನ್ನು ಅವನು ಅದುವರೆಗೂ ನೋಡಿರಲಿಲ್ಲ. ಅಂಗಡಿ ಬಿಟ್ಟು ಬರಲು ಪುರಸೊತ್ತೆಲ್ಲಿ. ಅವನು ಕೆಟ್ಟದಾಗಿ ಆಡಿದ್ದರೆ ದೊಡ್ಡವನ ಮನಸ್ಸು ಎಷ್ಟೋ ಹಗುರಾಗುತ್ತಿತ್ತು. ಆದರೆ ಅವನು ಸ್ಟೇಡಿಯಂ ತುಂಬಿ ತುಳುಕುತ್ತಿದೆಯೇನೋ ಎನ್ನುವಂತೆ ಆಡುತ್ತಿದ್ದ. ಗೋಲುಗೆರೆ ದಾಟಲಿದ್ದ ಚೆಂಡಿಗೆ ಅಡ್ಡ ಬಿದ್ದು, ಕೆಸರಿನಲ್ಲಿ ಜಾರಿ, ಗೋಲುಕಂಬಕ್ಕೆ ಭುಜ ಬಡಿಸಿಕೊಂಡು ಎದ್ದ. ಬೆಂಚಿನ ಮಿಕ್ಕ ಹುಡುಗರೂ ಹಾಗೇ, ಮುಂದೆ ಇನ್ನೊಂದು ಪಂದ್ಯವೇ ಇಲ್ಲವೆನ್ನುವ ಹಾಗೆ ಓಡುತ್ತಿದ್ದರು. ಚಪ್ಪಾಳೆ ಅಲ್ಲೊಂದು ಇಲ್ಲೊಂದು ಬಿತ್ತು. ಅಪ್ಪ ಚಪ್ಪಾಳೆ ತಟ್ಟಲಿಲ್ಲ. ಕತ್ತು ತಿರುಗಿಸಿ ತಮ್ಮ ಎಡಕ್ಕೆ, ಬಲಕ್ಕೆ, ಹಿಂದಕ್ಕೆ ಇದ್ದ ಖಾಲಿ ಕುರ್ಚಿಗಳನ್ನು ನೋಡುತ್ತಿದ್ದರು. ಕ್ಲಬ್ ಗೆದ್ದಿತು. ದೊಡ್ಡವನು ಸಾಕ್ಸನ್ನು ಯಾರಿಗೂ ಕೊಡದೆ ವಾಪಸ್ ತಂದ.

ಎರಡು ದಿನ ಬಿಟ್ಟು ಚಿಕ್ಕವನು ಅಡುಗೆಮನೆಯ ಬಾಗಿಲಲ್ಲಿ ಬ್ಯಾಗು ಇಳಿಸದೆ ನಿಂತ.

"ಸೆಮಿಫೈನಲ್‌ಗೆ ಟೀವಿಯವರು ಬರ್ತಾರಂತೆ."

"ಒಳ್ಳೇದಾಯ್ತಲ್ಲ," ಅಂದಳು ಅಮ್ಮ.

"ಅದಕ್ಕೇ ನಾನಿಲ್ಲ. ಲೀಗ್ ಆಡೋರನ್ನೇ ಇಳಿಸ್ತಾರಂತೆ."

ಅಪ್ಪ ಈರುಳ್ಳಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ. "ಕೂತ್ಕೋ, ಊಟ ಮಾಡು," ಅಂದರು. ದೊಡ್ಡವನಿಗೆ ತಾನು ಅಂದಿದ್ದೇ ನಿಜವಾಯಿತೆಂದು ಖುಷಿಯಾಗಬೇಕಿತ್ತು. ಆಯಿತು ಕೂಡ, ಸುಳ್ಳು ಹೇಳಬಾರದು. ಒಂದು ತುತ್ತು ನುಂಗುವಷ್ಟು ಹೊತ್ತು ಮಾತ್ರ ಅದು ಉಳಿಯಿತು.

ಮರುದಿನ ಬೆಳಿಗ್ಗೆ ಅವನು ಅಂಗಡಿ ತೆರೆದು ಇಸ್ತ್ರಿ ಕಾಯಿಸಲು ಇಟ್ಟಿದ್ದ. ಅಪ್ಪ ಬಂದು ಜೇಬಿನಿಂದ ಪದಕ ತೆಗೆದು ಮೇಜಿನ ಮೇಲಿಟ್ಟರು.

"ತಗೋ."

"ಚಿಕ್ಕವನಿಗೆ ಅಂದಿದ್ರಿ. ಕ್ವಾರ್ಟರ್ ಫೈನಲ್ ದಾಟಿದ್ನಲ್ಲ."

"ಕೊಡೋಕೆ ಹೋದೆ. ಬೇಡ ಅಂದ."

"ಓಹೋ. ಅವನು ಬೇಡ ಅಂದಿದ್ದಕ್ಕೆ ನನಗೆ."

"ಹೂಂ," ಅಂದರು ಅಪ್ಪ. ಸುಳ್ಳು ಹೇಳಿ ಸಮಾಧಾನ ಮಾಡುವುದು ಅವರಿಗೆ ಬರುತ್ತಿರಲಿಲ್ಲ.

ದೊಡ್ಡವನು ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿದ. "ಮೊದಲ ಹನ್ನೊಂದರಲ್ಲಿ ನಾನಿಲ್ಲ. ಈಗ ಬೆಂಚಿಂದ ಕರೀತಿದೀರಿ."

ಅಪ್ಪ ಮೇಜಿಗೆ ಕೈಯೂರಿ ನಿಂತರು. "ಬೆಂಚಿನವರು ಹೇಗಾಡಿದ್ರು ಅಂತ ಮೊನ್ನೆ ನೀನೂ ನೋಡಿದೆಯಲ್ಲ," ಅಂದರು. "ಕಂಬದ ಹಿಂದೆ ನಿಂತ್ಕೊಂಡು."

ಅಪ್ಪ ಟೀ ಲೋಟ ತರಲು ಒಳಗೆ ಹೋದರು. ದೊಡ್ಡವನು ಬಟ್ಟೆಯ ತುದಿಯಿಂದ ಪದಕ ಒರೆಸಿದ. ಜೇಬಿನ ನೂಲು ಅದಕ್ಕೆ ಅಂಟಿಕೊಂಡಿತ್ತು. ಮತ್ತೆ ಅದೇ ಮೊಳೆಗೆ, ಗೋಡೆಯ ಬೆಳ್ಳನೆಯ ಗುರುತಿನ ಮೇಲೆ ಸರಿಯಾಗಿ ಕೂರುವ ಹಾಗೆ ತೂಗುಹಾಕಿದ.

ಅಷ್ಟರಲ್ಲಿ ಚಿಕ್ಕವನು ಮಹಡಿಯಿಂದ ಇಳಿದು ಬಂದ. ಬೇಡ ಅಂದವನೇ ಆದರೂ ಪದಕದ ಮೇಲೆ ಅವನ ಕಣ್ಣು ನಿಂತೇಹೋಯಿತು.

"ಅಲ್ಲೇ ಚೆನ್ನಾಗಿ ಕಾಣತ್ತೆ ಅಣ್ಣಾ," ಅಂದ.

ಬಾಯಿ ಒಂದು ಹೇಳುತ್ತಿತ್ತು, ಮುಖ ಇನ್ನೊಂದು ಹೇಳುತ್ತಿತ್ತು. ಆ ಮುಖ ದೊಡ್ಡವನಿಗೆ ಹೊಸದೇನಲ್ಲ. ಎಷ್ಟೋ ವಾರಗಳಿಂದ ಶೇವಿಂಗ್ ಕನ್ನಡಿಯಲ್ಲಿ ದಿನಾ ನೋಡುತ್ತಿದ್ದ ಮುಖವೇ ಅದು. ಅಪ್ಪ ಟೀ ತಂದು ದೊಡ್ಡವನ ಪಕ್ಕದ ಸ್ಟೂಲಿನಲ್ಲಿ ಕೂತು ತಮ್ಮ ಲೋಟದಿಂದ ಅವನ ಲೋಟಕ್ಕೂ ಬಗ್ಗಿಸಿದರು. ಚಿಕ್ಕವನು ಅದನ್ನೂ ನೋಡಿದ. ನೋಡಿ, ಬೂಟು ಹಾಕಿಕೊಂಡು ಅಭ್ಯಾಸಕ್ಕೆ ಹೊರಟುಹೋದ.

ಸೆಮಿಫೈನಲ್ಲಿನಲ್ಲಿ ಕ್ಲಬ್ ಸೋತಿತು. ಮರುದಿನ ಬಂದ ಕಪ್‌ನ ಗಂಟಿನಲ್ಲಿ ಇಪ್ಪತ್ತೇಳರ ಮಡಿಕೆ ಹಾಗೇ ಇತ್ತು. ದೊಡ್ಡವನು ಸುತ್ತಮುತ್ತ ನೋಡಿ, ಮಡಿಕೆ ಬಿಚ್ಚಿ, ಜೆರ್ಸಿಯನ್ನು ಮುದ್ದೆ ಮಾಡಿ ಕೊಳೆಯಾದವುಗಳ ನಡುವೆ ತಳ್ಳಿದ. ಅಪ್ಪ ಬಂದು ಒಂದೊಂದನ್ನೇ ಉಜ್ಜಿದರು. ಅದನ್ನೂ ಉಜ್ಜಿದರು.

ಇಲ್ಲಿಗೆ ನನಗೆ ತಿಳಿದದ್ದು ಮುಗಿಯಿತು. ಮೊದಲ ಸಲ ಆ ಲೀಗ್ ಜೆರ್ಸಿಯನ್ನು ಬೆಳಕಿಗೆ ಹಿಡಿದಾಗ ಅಪ್ಪನಿಗೆ ತೋಳಿನ ಪಟ್ಟಿ ಕಂಡಿತ್ತೋ ಇಲ್ಲವೋ, ಕಂಡಿದ್ದರೆ ಅವರು ಅಷ್ಟು ಹೊತ್ತು ಉಜ್ಜಿದ್ದು ಚಿಕ್ಕವನ ಮಾನ ಉಳಿಸಲೋ, ತಮ್ಮ ಕಪ್‌ನ ಮಾನ ಉಳಿಸಲೋ, ಇಲ್ಲ ದೊಡ್ಡವನು ಮಾಡಿದ ಕೆಲಸವನ್ನು ತೊಳೆದುಹಾಕಲೋ, ನನಗೆ ಗೊತ್ತಿಲ್ಲ. ದೊಡ್ಡವನಿಗೂ ಗೊತ್ತಿಲ್ಲ. ಕೇಳುವ ಧೈರ್ಯ ಅವನಿಗೆ ಇನ್ನೂ ಬಂದಿಲ್ಲ.